ಹಳೆಯ ‘ಪಿಗ್’ ಲಾಂಗ್‌ಬೋರ್ಡ್ (ಉದ್ದದ ಸರ್ಫ್‌ಬೋರ್ಡ್): ಅಚ್ಚು ಸರಿಯಿದ್ದರೂ ಬೋರ್ಡ್ ಸರಿ ಬರುತ್ತಿಲ್ಲ, ಏಕೆ?

ಪ್ರಶ್ನೆ: ಹುಮನಾಬಾದ್ ಬಡಗಿ

ಎಲ್ಲರಿಗೂ ಶರಣು. ಮಂಗಳೂರಿನಲ್ಲಿ ನಾಲ್ಕು ವರ್ಷ ನೌಕರಿಯಲ್ಲಿದ್ದಾಗ ಮುಲ್ಕಿ ಮತ್ತು ಸಸಿಹಿತ್ಲು ಕಡಲತೀರಗಳಲ್ಲಿ ಸರ್ಫಿಂಗ್ ಕಲಿತೆ. ಈಗ ಊರಿಗೆ ಮರಳಿ ತಂದೆಯವರ ಬಡಗಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ಚಳಿಗಾಲದಲ್ಲಿ ಮುಲ್ಕಿಗೆ ಬರುತ್ತಿದ್ದ ಹಿರಿಯ ಶೇಪರ್ (ಸರ್ಫ್‌ಬೋರ್ಡ್ ಕೆತ್ತಿ ರೂಪಿಸುವವರು) ಒಬ್ಬರು, ಕೈ ನಡುಗುವುದರಿಂದ ಇನ್ನು ರಂದ ಹಿಡಿಯಲಾರೆನೆಂದು ಹೇಳಿ, ತಾವು ಬಳಸುತ್ತಿದ್ದ ಪ್ಲೈವುಡ್ ಅಚ್ಚೊಂದನ್ನು ನನಗೆ ಕೊಟ್ಟು ಹೋದರು. ಅದು 9 ಅಡಿ 6 ಅಂಗುಲದ ಬೋರ್ಡಿನ ಅರ್ಧ ಹೊರರೇಖೆ. ಕ್ಯಾಲಿಫೋರ್ನಿಯಾದಲ್ಲಿ ಡೇಲ್ ವೆಲ್ಜಿ 1955ರಲ್ಲಿ ರೂಪಿಸಿದ ‘ಪಿಗ್’ ಮಾದರಿಯನ್ನು ಅನುಸರಿಸಿದ್ದು; ಮೂತಿ ಕಿರಿದು, ಅತಿ ಅಗಲದ ಭಾಗ ನಡುವಿಗಿಂತ ಹಿಂದೆ.

ಹೋದ ಬೇಸಿಗೆಯಲ್ಲಿ ಥರ್ಮೋಕೋಲ್ ದಿಮ್ಮಿ ತರಿಸಿ, ಅಚ್ಚಿಟ್ಟು ಗೆರೆ ಎಳೆದು, ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದೆ. ಅಂಚುಗಳನ್ನು ಈಗಿನ ಬೋರ್ಡುಗಳಂತೆ ಕೆಳಗೆ ಚೂಪಾಗಿ ಇಳಿಸಿ, ಫಿನ್ನನ್ನು (ಅಡಿಯಲ್ಲಿ ಮೀನಿನ ರೆಕ್ಕೆಯಂತೆ ನಿಲ್ಲುವ ತುಂಡು) ಬಾಲದ ತುದಿಯಿಂದ ಹತ್ತು ಅಂಗುಲ ಮುಂದಕ್ಕೆ ಕೂರಿಸಿದೆ. ಬಸ್ಸಿನ ಮೇಲೆ ಹೇರಿಕೊಂಡು 700 ಕಿಲೋಮೀಟರಿಗೂ ಹೆಚ್ಚು ದೂರ ಒಯ್ದು ನೀರಿಗಿಳಿಸಿದರೆ, ಮೂತಿಯತ್ತ ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಬಾಲ ಮೇಲೆದ್ದು ಪಕ್ಕಕ್ಕೆ ಜಾರುತ್ತದೆ. ಅದೇ ಅಚ್ಚಿನಿಂದ ಅವರು ಮಾಡಿದ್ದ ಬೋರ್ಡ್ ಹೀಗಿರಲಿಲ್ಲ, ನಾನೇ ಹತ್ತಿ ನೋಡಿದ್ದೇನೆ. ಇದಲ್ಲದೆ ಮೇಲೆ ಹಚ್ಚಿದ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಪದರದ ತುಂಬ ಸಾಸಿವೆ ಕಾಳಿನಂತಹ ಗುಳ್ಳೆಗಳೆದ್ದಿವೆ. ತಪ್ಪು ಎಲ್ಲಿದೆ?

ಉತ್ತರ: ಕಲಬುರಗಿ ಇಂಜಿನಿಯರ್

ಅಣ್ಣಾವರೆ, ತಾವು ಪಿಗ್‌ನ ಹೊರರೇಖೆಯೊಳಗೆ ಇಂದಿನ ಬೋರ್ಡೊಂದನ್ನು ಮಾಡಿದ್ದೀರಿ. ಅಚ್ಚು ಹೇಳುವುದು ಮೇಲಿನಿಂದ ನೋಡಿದಾಗ ಕಾಣುವ ಆಕಾರವನ್ನು ಮಾತ್ರ. ಅಂಚು, ಮೂತಿಯಿಂದ ಬಾಲದವರೆಗಿನ ಬಾಗು, ಫಿನ್ನಿನ ಜಾಗ, ತೂಕ ಇವು ಯಾವುವೂ ಅದರಲ್ಲಿಲ್ಲ.

ಆ ಕಾಲದ ಅಂಚು ಮೇಲೂ ಕೆಳಗೂ ಸಮವಾಗಿ ದುಂಡಗೆ, ಹೆಚ್ಚುಕಡಿಮೆ ಒನಕೆಯ ಮೈಯಂತೆ ಇರುತ್ತಿತ್ತು. ನೀರು ಅಂತಹ ಅಂಚನ್ನು ಅಪ್ಪಿಕೊಂಡು ಮೇಲಕ್ಕೆ ಸುತ್ತಿ ಬರುವುದರಿಂದ ಬಾಲವನ್ನು ಅಲೆಯೊಳಕ್ಕೆ ಹಿಡಿದೆಳೆಯುತ್ತದೆ, ಸವಾರ ಮುಂದೆ ನಡೆದರೂ ಬಾಲ ಏಳುವುದಿಲ್ಲ. ಚೂಪು ಅಂಚು ನೀರನ್ನು ಥಟ್ಟನೆ ಕತ್ತರಿಸಿ ಬಿಟ್ಟುಬಿಡುತ್ತದೆ. ವೇಗಕ್ಕೆ ಅದು ಒಳ್ಳೆಯದು, ತಮ್ಮ ಉದ್ದೇಶಕ್ಕೆ ಅಲ್ಲ. ಫಿನ್ನಿನದೂ ಇದೇ ಕಥೆ. ಪಿಗ್‌ನಲ್ಲಿ ಇಂಗ್ಲಿಷ್ ‘ಡಿ’ ಅಕ್ಷರದಂತಹ ದೊಡ್ಡ ಫಿನ್ ಬಾಲದ ಕಟ್ಟಕಡೆಗೆ ಇರುತ್ತದೆ. ತಿರುಗಿಸುವಾಗ ಹಿಂಗಾಲು ಅಗಲವಾದ ಸೊಂಟದ ಮೇಲೆ ಬೀಳುವುದರಿಂದಲೇ ಅಷ್ಟು ಹಿಂದಿರುವ ಫಿನ್ನಿನ ಬಿಗಿಯನ್ನು ಮೀರಿ ಬೋರ್ಡ್ ಹೊರಳುತ್ತದೆ. ಒಂದನ್ನು ಇಟ್ಟು ಇನ್ನೊಂದನ್ನು ಬದಲಿಸಿದರೆ ಎರಡೂ ಕೆಡುತ್ತವೆ.

ತೂಕದ ಬಗ್ಗೆ ಇನ್ನೊಂದು ಮಾತು. 1958ರ ಸುಮಾರಿಗೆ ಬೋರ್ಡ್ ತಯಾರಕರಾದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮನ್ನು ಬಳಕೆಗೆ ತರುವವರೆಗೆ ಇವೆಲ್ಲ ಬಾಲ್ಸಾ ಮರದವು, ಹತ್ತು ಕಿಲೋ ಮಿಕ್ಕಿದವು. ಭಾರದ ಬೋರ್ಡ್ ಒಮ್ಮೆ ಹೊರಟರೆ ಅಲೆ ಸೊರಗಿದರೂ ಓಟ ನಿಲ್ಲಿಸುವುದಿಲ್ಲ. ಥರ್ಮೋಕೋಲಿನದು ನೀರಿನ ಮೇಲೆ ಬೆಂಡಿನಂತೆ ಕುಣಿಯುತ್ತದೆ. ನಡುವೆ ಎರಡು ಮೂರು ಮರದ ಪಟ್ಟಿ ಸೇರಿಸಿ, ರೆಸಿನ್ನಿನೊಡನೆ ಹಾಕುವ ಗ್ಲಾಸ್ ಬಟ್ಟೆಯ ಪದರ ಹೆಚ್ಚಿಸಿ. ಹಗುರವೇ ಬೇಕೆನ್ನುವವರಿಗೆ ಹೊಸ ಬೋರ್ಡುಗಳು ಬೇಕಾದಷ್ಟಿವೆ.

ಉತ್ತರ: ಬೀದರ್, ಬಿದರಿ ಕೆಲಸದವ

ನಾನು ಸಮುದ್ರಕ್ಕೆ ಇಳಿದವನಲ್ಲ. ಆದರೆ ದುಂಡು ಅಂಚನ್ನು ಎರಡೂ ಬದಿಗೆ ಒಂದೇ ಸಮ ತರುವುದು ಕಣ್ಣಿನ ಕೆಲಸ, ಆ ಬಗ್ಗೆ ಹೇಳಬಲ್ಲೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಸುರಾಯಿಯನ್ನು ಉಜ್ಜಿ ನಯ ಮಾಡಿದ ಮೇಲೆ ಅದರ ಬೆಳ್ಳನೆಯ ಮೈಮೇಲೆ ಗೀರಿದ ಗೆರೆ ಕಾಣುವುದಿಲ್ಲ. ಆದ್ದರಿಂದ ಮೊದಲು ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತೇವೆ, ಆಮೇಲೆ ಬಳ್ಳಿ ಬರೆಯುತ್ತೇವೆ. (ಕೋಟೆಯ ಮಣ್ಣಿನಿಂದ ಕೊನೆಗೆ ಬರುವ ಕಪ್ಪು ಬೇರೆ, ಇದು ಉಜ್ಜಿದರೆ ಹೋಗುವಂಥದ್ದು.) ಬಿಳಿಯ ಥರ್ಮೋಕೋಲಿನ ತೊಂದರೆಯೂ ಇದೇ ಅಲ್ಲವೆ? ಅಂಗಡಿಯ ಮೇಲ್ಗಡೆಯ ದೀಪ ಆರಿಸಿ, ಎರಡೂ ಪಕ್ಕದಲ್ಲಿ ಬೋರ್ಡಿನ ಎತ್ತರಕ್ಕೆ ಒಂದೊಂದು ಟ್ಯೂಬ್‌ಲೈಟ್ ಹಾಕಿ, ಗೋಡೆಗೆ ಗಾಢ ನೀಲಿ ಸುಣ್ಣ ಹೊಡೆಸಿ ನೋಡಿ. ಅಡ್ಡ ಬೆಳಕಿನಲ್ಲಿ ಪ್ರತಿ ಉಬ್ಬೂ ನೆರಳು ಚೆಲ್ಲುತ್ತದೆ. ಹಳೆಯ ಶೇಪರುಗಳು ಕೆಲಸ ಮಾಡುವ ಕೋಣೆಯೂ ಹೀಗೆಯೇ ಇರುತ್ತದೆಂದು ವಿಡಿಯೋದಲ್ಲಿ ನೋಡಿ, ನಮ್ಮವರೇ ಎಂದುಕೊಂಡೆ.

ಉತ್ತರ: ಯಾದಗಿರಿ ಫೈಬರ್ ಕೆಲಸ

ಗುಳ್ಳೆಗಳ ಕಾರಣ ತಾವು ಕೆಲಸ ಮಾಡಿದ ಹೊತ್ತು. ಬೆಳಿಗ್ಗೆ ರೆಸಿನ್ ಹಚ್ಚಿರಬೇಕು. ಬಿಸಿಲೇರಿದಂತೆ ಥರ್ಮೋಕೋಲಿನೊಳಗಿನ ಗಾಳಿ ಹಿಗ್ಗಿ, ಇನ್ನೂ ಹಸಿಯಾಗಿರುವ ಪದರವನ್ನು ಒಳಗಿನಿಂದ ಊದುತ್ತದೆ. ಸಂಜೆ, ಸೆಕೆ ಇಳಿಯತೊಡಗಿದ ಮೇಲೆ ಹಚ್ಚಿದರೆ ಗಾಳಿ ಕುಗ್ಗುತ್ತ ರೆಸಿನ್ನನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಂತೂ ಈ ಕೆಲಸ ಬೇಡ. ಕಲಸಿದ ಎಪಾಕ್ಸಿಯನ್ನು (ಥರ್ಮೋಕೋಲಿಗೆ ಹೊಂದುವ ರೆಸಿನ್) ಮಗ್ಗಿನಲ್ಲಿ ಇಟ್ಟುಕೊಂಡರೆ ತನ್ನ ಕಾವಿಗೆ ತಾನೇ ಹೊಗೆಯಾಡಿ ಗಟ್ಟಿಯಾಗುತ್ತದೆ. ನಾನು ಹರಿಗೋಲಿಗೆ ಫೈಬರ್ ಹಾಕುವಾಗ ಹೀಗೆಯೇ ಮಗ್ಗು ಕರಗಿ ಕೈ ಸುಟ್ಟುಕೊಂಡಿದ್ದೇನೆ. ಕಲಸಿದ ಕೂಡಲೇ ಅಗಲವಾದ ಪರಾತಕ್ಕೆ ಸುರಿಯಿರಿ. ನೀರಿನ ಟಾಕಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗವೆಂದು ತಂದೀರಿ, ಅದು ಥರ್ಮೋಕೋಲನ್ನೇ ತಿಂದುಹಾಕುತ್ತದೆ. ಟಾಕಿಗೆ ಹಾಕುವ ಚೂರುನೂಲಿನ ಮ್ಯಾಟ್ ಕೂಡ ಎಪಾಕ್ಸಿಗೆ ಹೊಂದುವುದಿಲ್ಲ, ನೇಯ್ದ ಗ್ಲಾಸ್ ಬಟ್ಟೆಯನ್ನೇ ಕೇಳಿ.

ತೇಲಿಸಿ ನೋಡಲು ನಮ್ಮ ಕೃಷ್ಣೆಗೆ ಬರುವ ಯೋಚನೆ ಇದ್ದರೆ ಬಿಡಿ, ಮೊಸಳೆಗಳಿವೆ.

ಮರುಉತ್ತರ: ಹುಮನಾಬಾದ್ ಬಡಗಿ

ಮೂವರಿಗೂ ಶರಣಾರ್ಥಿ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದೆ, ಹೌದು. ಹಿರಿಯರ ಬೋರ್ಡಿನ ಹಳೆಯ ಫೋಟೋ ದೊಡ್ಡದು ಮಾಡಿ ನೋಡಿದೆ: ಫಿನ್ನಿನ ಹಿಂಬದಿ ಬಾಲದ ತುದಿಗೆ ಸರಿಯಾಗಿ ನಿಂತಿದೆ, ಅಂಚು ಎಲ್ಲಿಯೂ ಚೂಪಿಲ್ಲ. ಅವರು ಅಚ್ಚಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬಿಡಿಸಿದ್ದ ಮೊಟ್ಟೆಯಂತಹ ಗುರುತನ್ನು ಸುಮ್ಮನೆ ಗೀಚಿದ್ದೆಂದು ನಾನು ಉಜ್ಜಿ ಅಳಿಸಿದ್ದೆ. ಅದು ಅಂಚಿನ ಅಡ್ಡಕೊಯ್ತದ ಚಿತ್ರವಾಗಿತ್ತೆಂದು ಈಗ ತಿಳಿಯುತ್ತಿದೆ. ಹಳೆಯ ಬಾಗಿಲ ಚೌಕಟ್ಟಿನ ಸಾಗವಾನಿಯಿಂದ ಮೂರು ಪಟ್ಟಿ ಸೀಳಿಟ್ಟಿದ್ದೇನೆ. ದೀಪಾವಳಿಯ ನಂತರ ಹೊಸ ದಿಮ್ಮಿ ಕೊಯ್ಯುತ್ತೇನೆ. ಅಂಚು ದುಂಡಗಾದ ಮೇಲೆ, ಬಟ್ಟೆ ಹಾಕುವ ಮೊದಲೇ ಚಿತ್ರ ಹಾಕುತ್ತೇನೆ, ಕಲಬುರಗಿಯ ಅಣ್ಣಾವರು ಬಾಲದ ಕಡೆ ಒಮ್ಮೆ ಕಣ್ಣಾಡಿಸಬೇಕು.