ಪದಚರ್ಚೆ: ‘ರೂಲ್ ಆಫ್ ಲಾ’ಗೆ ‘ಕಾನೂನಿನ ಆಳ್ವಿಕೆ’ ಸಾಕೇ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲು, ಕಾಲೇಜು ಮಕ್ಕಳಿಗೂ ಸಾಮಾನ್ಯ ಓದುಗರಿಗೂ ‘ರೂಲ್ ಆಫ್ ಲಾ’ ಪರಿಚಯಿಸುವ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಕಾನೂನಿನ ಆಳ್ವಿಕೆ’ ಅನ್ನೋ ಪದ ಬಳಕೆಯಲ್ಲಿದೆ, ಗೊತ್ತು. ತೊಂದರೆ ಏನಂದ್ರೆ, ಇದನ್ನು ಕೇಳಿದ ಕೂಡಲೇ ಹುಡುಗರಿಗೆ ನೆನಪಾಗುವುದು ಪೊಲೀಸು, ದಂಡ, ಲಾಕಪ್ಪು. ‘ಕಾನೂನು ಪಾಲಿಸಿ’ ಅಂತ ಬುದ್ಧಿ ಹೇಳೋಕೆ ಬಂದಿದ್ದಾರೆ ಎಂದುಕೊಂಡು ಸುಮ್ನಾಗುತ್ತಾರೆ.

ಪದದ ತಿರುಳು ಅದಲ್ಲ. ಕಾನೂನಿಗೆ ಜನ ತಲೆಬಾಗುವುದು ಚಕ್ರವರ್ತಿಗಳ ಕಾಲದಲ್ಲೂ ಇತ್ತು. ಇಲ್ಲಿ ವಿಶೇಷವೇನೆಂದರೆ ಆಳುವವನೂ ತಲೆಬಾಗಬೇಕು. 1215ರ ‘ಮ್ಯಾಗ್ನಾ ಕಾರ್ಟಾ’ ಎಂಬ ಹಕ್ಕುಪತ್ರದಲ್ಲಿ ಇಂಗ್ಲೆಂಡಿನ ಜಾನ್ ದೊರೆ ಒಪ್ಪಿಕೊಂಡ ಒಂದು ಮಾತು ಇಂಥದ್ದೇ: ಸರೀಕರ ತೀರ್ಪು ಅಥವಾ ನಾಡಿನ ಕಾನೂನಿನ ಆಧಾರ ಇಲ್ಲದೆ ಸ್ವತಂತ್ರ ಮನುಷ್ಯನನ್ನು ಸೆರೆ ಹಿಡಿಯುವಂತಿಲ್ಲ. 2004ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕೊಟ್ಟ ವರದಿಯಲ್ಲಿ ಇದು ಇನ್ನೂ ಬಿಡಿಸಿ ಬಂದಿದೆ. ಸರ್ಕಾರವೂ ಸೇರಿ ಎಲ್ಲರೂ ಕಾನೂನಿಗೆ ಉತ್ತರ ಹೇಳಬೇಕು. ಆ ಕಾನೂನು ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗಿರಬೇಕು, ಸಮನಾಗಿ ಜಾರಿಯಾಗಬೇಕು, ತೀರ್ಪು ಕೊಡುವವರು ಸ್ವತಂತ್ರರಾಗಿರಬೇಕು.

ಇದನ್ನು ಹೀಗೇ ಓದಿ ಹೇಳಿದರೆ ಯಾರೂ ಕೇಳಲ್ಲ ಬಿಡಿ. ಅದಕ್ಕೇ ಕೈಪಿಡಿಯಲ್ಲಿ ಚರ್ಚೆಗೆ ಕಾರ್ಡುಗಳನ್ನು ಇಟ್ಟಿದ್ದೇನೆ. ಒಂದು ಹೀಗಿದೆ: ‘ತಡವಾಗಿ ಬಂದವರು ಗೇಟಿನ ಹೊರಗೇ ನಿಲ್ಲಬೇಕು ಎಂದು ಮುಖ್ಯೋಪಾಧ್ಯಾಯರು ನಿಯಮ ಮಾಡಿದರು. ಮಾರನೇ ದಿನ ಅವರೇ ತಡವಾಗಿ ಬಂದರು.’ ಕೆಳಗೆ ಮೂರು ಪ್ರಶ್ನೆ. ನಿಯಮ ಮೊದಲೇ ಎಲ್ಲರಿಗೂ ಗೊತ್ತಿತ್ತೇ? ಅವರನ್ನೂ ಹೊರಗೆ ನಿಲ್ಲಿಸಬೇಕೇ? ತಡವಾಯಿತೋ ಇಲ್ಲವೋ ಅಂತ ತೀರ್ಮಾನ ಮಾಡುವವರು ಯಾರು, ಅವರೇನಾ? ಮೊದಲೆರಡಕ್ಕೆ ಉತ್ತರ ಬೇಗ ಬರುತ್ತದೆ. ಜಗಳ ಹತ್ತುವುದು ಮೂರನೆಯದಕ್ಕೆ. ಗಡಿಯಾರ ನೋಡುವವರು ಅವರ ಕೈಕೆಳಗಿನವರೇ ಆದರೆ ಏನು ಮಾಡೋದು? ನ್ಯಾಯಾಂಗ ಯಾಕೆ ಬೇರೆ ಇರಬೇಕು ಅನ್ನೋದು ಅಲ್ಲಿಂದಲೇ ಶುರುವಾಗುತ್ತದೆ. ಇಷ್ಟೆಲ್ಲ ಆದಮೇಲೆ ಕಾರ್ಡಿನ ತಲೆಬರಹದಲ್ಲಿ ‘ಕಾನೂನು ಪಾಲನೆ’ ಅಂತ ಹಾಕಿದರೆ ಚರ್ಚೆ ಮತ್ತೆ ಮಕ್ಕಳ ಶಿಸ್ತಿನ ಕಡೆಗೇ ಹೊರಳುತ್ತದೆ.

ಈಗ ನನ್ನ ಪ್ರಶ್ನೆ. ‘ರಾಜನ ಆಳ್ವಿಕೆ’ ಅಂದರೆ ಆಳುವವನು ರಾಜ. ‘ಕಾನೂನಿನ ಆಳ್ವಿಕೆ’ ಅಂದರೆ ಆಳುವುದು ಕಾನೂನು. ಇದು ಚೆನ್ನಾಗಿಯೇ ಇದೆ. ಆದರೆ ಇದರ ಎದುರಿಗೆ ನಿಲ್ಲಿಸಬೇಕಾದ ಇನ್ನೊಂದಿದೆ: ‘ರೂಲ್ ಬೈ ಲಾ’. ಅಲ್ಲಿ ಆಳುವವನು ಬೇರೆ, ಕಾನೂನು ಅವನ ಕೈಯ ದೊಣ್ಣೆ. ದಕ್ಷಿಣ ಆಫ್ರಿಕಾದಲ್ಲಿ ಆಗ ಆಳುತ್ತಿದ್ದ ಬಿಳಿಯರು, ಯಾವ ಜನಾಂಗದವರು ಎಲ್ಲಿ ವಾಸ ಮಾಡಬೇಕು ಎಂದು 1950ರಲ್ಲಿ ಕಾನೂನು ತಂದರು. ಸಂಸತ್ತು ಒಪ್ಪಿತ್ತು, ಅಚ್ಚೂ ಆಗಿತ್ತು. ಕಾನೂನು ಇರಲಿಲ್ಲ ಅನ್ನೋಹಾಗಿಲ್ಲ. ಇದಕ್ಕೆ ‘ಕಾನೂನಿನಿಂದ ಆಳ್ವಿಕೆ’ ಅಂದರೆ ವ್ಯಾಕರಣ ಸರಿ, ಬಾಯಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳಿಸುತ್ತವೆ.

ನಮ್ಮದೊಬ್ಬರದೇ ಗೋಳಲ್ಲ ಇದು. ಚೀನೀ ಭಾಷೆಯಲ್ಲಿ ‘ಕಾನೂನು ವ್ಯವಸ್ಥೆ’ ಮತ್ತು ‘ಕಾನೂನಿನ ಆಳ್ವಿಕೆ’ ಎರಡಕ್ಕೂ ಉಚ್ಚಾರ ಒಂದೇ, ‘ಫಾಜಿ’. ಬರಹದಲ್ಲಿ ಮಾತ್ರ ವ್ಯತ್ಯಾಸ: ಮೊದಲನೆಯದರಲ್ಲಿ ಕತ್ತಿಯ ಗುರುತು, ಎರಡನೆಯದರಲ್ಲಿ ನೀರಿನ ಗುರುತು. ಮಾತಾಡುವಾಗ ‘ಕತ್ತಿಯದೋ ನೀರಿನದೋ’ ಎಂದು ಬಿಡಿಸಿ ಹೇಳುತ್ತಾರೆ. ಅಲ್ಲಿನ ಸಂವಿಧಾನಕ್ಕೆ 1999ರಲ್ಲಿ ಸೇರಿಸಿದ್ದು ನೀರಿನದನ್ನು. ಜರ್ಮನ್ನರು ಆಳ್ವಿಕೆಯ ಗೊಡವೆಗೇ ಹೋಗದೆ ‘ಕಾನೂನಿನ ರಾಜ್ಯ’ ಎಂಬ ಅರ್ಥದ ‘ರೆಖ್ಟ್ಸ್‌ಸ್ಟಾಟ್’ ಅನ್ನುತ್ತಾರೆ.

ನಾನು ಪಕ್ಕಕ್ಕಿಟ್ಟ ಪದಗಳನ್ನೂ ಹೇಳಿಬಿಡುತ್ತೇನೆ. ‘ಕಾನೂನಿನ ಆಡಳಿತ’ದಲ್ಲಿ ಕಚೇರಿ, ಕಡತದ ವಾಸನೆ ಜಾಸ್ತಿ. ‘ನ್ಯಾಯದ ಆಳ್ವಿಕೆ’ ಕೇಳೋಕೆ ಸೊಗಸು, ಆದರೆ ಅದು ಬೇರೆಯೇ ಮಾತು. ‘ಕಾನೂನು ಸುವ್ಯವಸ್ಥೆ’ ಬೇಡವೇ ಬೇಡ, ಅದು ‘ಲಾ ಅಂಡ್ ಆರ್ಡರ್’. ‘ಕಾನೂನಿಗಿಂತ ಯಾರೂ ದೊಡ್ಡವರಲ್ಲ’ ಅನ್ನೋ ಮಾತು ಅರ್ಥಕ್ಕೆ ತುಂಬ ಹತ್ತಿರ. ಹುಡುಗರಿಗೆ ತಟ್ಟನೆ ಹಿಡಿಸುವುದೂ ಇದೇ. ಆದರೆ ಇದು ಇಡೀ ವಾಕ್ಯ, ಪದವಾಗಿ ನಿಲ್ಲಲ್ಲ. (‘ಕಾನೂನು ತನ್ನ ಕೆಲಸ ತಾನು ಮಾಡುತ್ತದೆ’ ಅನ್ನೋದನ್ನು ಸೂಚಿಸಬೇಡಿ ದಯವಿಟ್ಟು. ಏನೂ ಹೇಳಲು ಇಷ್ಟವಿಲ್ಲದವರು ಮೈಕಿನ ಮುಂದೆ ಹೇಳುವ ಮಾತದು.)

ಸದ್ಯಕ್ಕೆ ನನ್ನ ಒಲವು ‘ಕಾನೂನಿನ ಆಳ್ವಿಕೆ’ಯನ್ನೇ ಉಳಿಸಿಕೊಂಡು, ಇನ್ನೊಂದಕ್ಕೆ ‘ಕಾನೂನು ಬಳಸಿ ಆಳುವುದು’ ಎಂದು ಬರೆಯುವ ಕಡೆಗಿದೆ. ಇದಕ್ಕಿಂತ ಚಿಕ್ಕದು, ಕಿವಿಗೆ ಬೇರೆಯಾಗಿ ಕೇಳುವಂಥದ್ದು ನಿಮಗೆ ಹೊಳೆಯುತ್ತದೆಯೇ?

ಜೊತೆಗೆ ಒಂದು ಸಣ್ಣ ಪ್ರಶ್ನೆ. ಇಂಥ ಕೆಲಸಕ್ಕೆ ಎಲ್ಲರೂ ‘ಅರಿವು ಮೂಡಿಸುವುದು’ ಅನ್ನುತ್ತಾರೆ. ಅರಿವೆಲ್ಲ ವೇದಿಕೆಯ ಮೇಲಿದೆ, ಕೆಳಗೆ ಕೂತವರಿಗೆ ಏನೂ ಗೊತ್ತಿಲ್ಲ ಅನ್ನೋ ಧ್ವನಿ ಅದರಲ್ಲಿದೆ, ಅಲ್ವಾ? ‘ತೊಡಗಿಸಿಕೊಳ್ಳುವಿಕೆ’ ನಾಲಿಗೆ ತೊಡರಿಸುತ್ತದೆ. ‘ಜೊತೆಗೂಡಿ ಕಲಿಯುವುದು’ ಅಂದರೆ ಸಾಕೇ, ಅಥವಾ ಅದು ತೀರಾ ಸಪ್ಪೆಯಾಯಿತೇ?