ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಪ್ರೊಬಯಾಟಿಕ್: ಮನೆಗೆ ಬಂದ ಮೇಲೂ ಕೊಡಬೇಕಾ?

ಪುಟ್ಟಿಯಮ್ಮ, ಹಾಸನ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ಆಗ ತೂಕ 1,280 ಗ್ರಾಂ. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ವಾರ್ಡಿನಲ್ಲಿ ಇದ್ದಾಗ, ನಾನು ಹಿಂಡಿ ಕೊಟ್ಟ ಹಾಲಿಗೆ ದಿನಕ್ಕೊಂದು ಸಲ ಏನೋ ಪುಡಿ ಕಲಸಿ ಟ್ಯೂಬಿನಲ್ಲಿ ಬಿಡುತ್ತಿದ್ದರು. ಕೇಳಿದ್ದಕ್ಕೆ ಪ್ರೊಬಯಾಟಿಕ್, ಹೊಟ್ಟೆಗೆ ಒಳ್ಳೆ ಬ್ಯಾಕ್ಟೀರಿಯಾ ಎಂದರು. ಡಿಸ್ಚಾರ್ಜ್ ಚೀಟಿಯಲ್ಲಿ ಅದಿಲ್ಲ. ವಿಟಮಿನ್ ಡಿ, ಐರನ್ ಡ್ರಾಪ್ಸ್ ಮಾತ್ರ ಇದೆ.

ಈಗ ಒಬ್ಬೊಬ್ಬರದು ಒಂದೊಂದು ಮಾತು. ಮೆಡಿಕಲ್ ಶಾಪಿನವರು "ಮಕ್ಕಳಿಗೆಲ್ಲ ಇದೇ ಕೊಡೋದು" ಅಂತ ಸ್ಯಾಶೆ ಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಭಾವ ಅಲ್ಲಿ ಅದು ಬ್ಯಾನ್ ಆಗಿದೆ, ಮುಟ್ಟಲೇಬೇಡಿ ಅಂತಾರೆ. ಅತ್ತೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸೋಣ ಅಂತ ಸಾಣೆಕಲ್ಲು ತೊಳೆದಿಟ್ಟಿದ್ದಾರೆ. ಮಗು ಈಗ 2,100 ಗ್ರಾಂ. ಎದೆಹಾಲೇ, ಅರ್ಧ ಎದೆಯಿಂದ, ಅರ್ಧ ಒಳಲೆಯಲ್ಲಿ. ಕಕ್ಕ ದಿನ ಬಿಟ್ಟು ದಿನ ಮಾಡುತ್ತಾಳೆ, ಮೆತ್ತಗೇ ಇರುತ್ತದೆ. ಏನು ಮಾಡಲಿ?

ಸಿಸ್ಟರ್, ಮೈಸೂರು:
ಮೊದಲು ಆ ಸ್ಯಾಶೆ ಪಕ್ಕಕ್ಕಿಡಿ ಅಮ್ಮ. ಎನ್‌ಐಸಿಯುನಲ್ಲೇ ಸರ್ವಿಸ್ ಸವೆಸಿದವಳು ನಾನು, ಅಲ್ಲಿ ಯಾಕೆ ಕೊಡುತ್ತಾರೆ ಅಂತ ಹೇಳಿದರೆ ಇಲ್ಲಿ ಯಾಕೆ ಬೇಡ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ತಿಂಗಳು ತುಂಬಿದ ಮಗು ಹುಟ್ಟಿದ ತಕ್ಷಣ ಅಮ್ಮನ ಮೈಗೆ ಅಂಟಿಕೊಳ್ಳುತ್ತದೆ, ಮೊಲೆ ಬಾಯಿಗೆ ಸಿಗುತ್ತದೆ. ಕರುಳಿಗೆ ಮೊದಲು ಇಳಿಯುವುದು ಅಮ್ಮನ ಬ್ಯಾಕ್ಟೀರಿಯಾ. ನಮ್ಮ ಮಕ್ಕಳು ಹಾಗಲ್ಲ. ಗಾಜಿನ ಪೆಟ್ಟಿಗೆ, ಟ್ಯೂಬು, ಆಂಟಿಬಯಾಟಿಕ್. ಅವರ ಕರುಳಿಗೆ ಮೊದಲು ಹೊಕ್ಕುವುದು ವಾರ್ಡಿನ ಕ್ಲೆಬ್ಸಿಯೆಲ್ಲಾದಂಥ ಸೋಂಕು ತರುವ ಬ್ಯಾಕ್ಟೀರಿಯಾ. ಕರುಳೂ ಇನ್ನೂ ಎಳೆಯದು. ಅದು ಉರಿದು, ಕೆಲವು ಸಲ ಕೊಳೆತು ತೂತೇ ಬೀಳುತ್ತದೆ. ಅದನ್ನು ನಾವು ಎನ್‌ಇಸಿ ಅನ್ನುತ್ತೇವೆ. ಹಾಲು ಬಿಡುವ ಮುಂಚೆ ಸಿರಿಂಜಿನಲ್ಲಿ ಎಳೆದು ಬಣ್ಣ ನೋಡುತ್ತಿದ್ದರಲ್ಲ, ಟೇಪ್ ಹಿಡಿದು ಹೊಟ್ಟೆ ಸುತ್ತಳತೆ ತೆಗೆಯುತ್ತಿದ್ದರಲ್ಲ, ಅದೆಲ್ಲ ಇದೇ ಭಯಕ್ಕೆ. ಎಳೆದಾಗ ಹಸಿರು ಬಂದರೆ ನಮ್ಮ ಕೈಕಾಲು ತಣ್ಣಗಾಗುತ್ತದೆ.

ಇದಕ್ಕೇ ಪ್ರೊಬಯಾಟಿಕ್. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ 1,099 ಮಕ್ಕಳ ಮೇಲೆ ಮೂರು ಬಗೆಯ ಬ್ಯಾಕ್ಟೀರಿಯಾ ಸೇರಿಸಿ ನೋಡಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ಎನ್‌ಇಸಿ 4.4%ರಿಂದ 2%ಗೆ ಇಳಿದಿತ್ತು. ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಮಕ್ಕಳಿಗೆ ಬೇರೆ ಒಂದೇ ಬಗೆ ಕೊಟ್ಟರು, ಏನೂ ಉಪಯೋಗ ಆಗಲಿಲ್ಲ. ಅಂದರೆ ಪ್ಯಾಕೆಟ್ ಮೇಲೆ ಪ್ರೊಬಯಾಟಿಕ್ ಅಂತ ಇದ್ದರೆ ಸಾಲದು, ಒಳಗೆ ಯಾವುದಿದೆ ಅನ್ನುವುದೇ ಮುಖ್ಯ. ನಿಮ್ಮ ಸ್ಯಾಶೆ ಹಿಂದೆ ಏನು ಬರೆದಿದೆ ಓದಿ ನೋಡಿ. ದೊಡ್ಡ ಮಕ್ಕಳ ಭೇದಿಗೆ ಕೊಡುವಂಥದ್ದೇ ಇರಬಹುದು.

ಒಡಿಶಾದ ಅಧ್ಯಯನವನ್ನು ಯಾರಾದರೂ ನಿಮಗೆ ವಾಟ್ಸಾಪಿನಲ್ಲಿ ಕಳಿಸಿಯೇ ಕಳಿಸುತ್ತಾರೆ. 2017ರದು, 4,500ಕ್ಕೂ ಹೆಚ್ಚು ಹಸುಗೂಸುಗಳು. ಸೋಂಕಿನ ನಂಜು (ಸೆಪ್ಸಿಸ್) ಮತ್ತು ಸಾವು ಎರಡೂ ಸೇರಿ 9%ರಿಂದ 5.4%ಗೆ ಇಳಿದವು. ದೊಡ್ಡ ಕೆಲಸವೇ. ಆದರೆ ಆ ಮಕ್ಕಳೆಲ್ಲ ಹುಟ್ಟುವಾಗಲೇ 2 ಕೆಜಿ ದಾಟಿದ್ದವು, 35 ವಾರ ತುಂಬಿದ್ದವು, ಮೊದಲ ವಾರದಲ್ಲೇ ಕೊಟ್ಟಿದ್ದರು. ನಿಮ್ಮ ಪುಟ್ಟಿಗೆ ಆ ಲೆಕ್ಕ ಹೊಂದುವುದಿಲ್ಲ.

ಭಾವನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 2023ರಲ್ಲಿ ಅಮೆರಿಕದಲ್ಲಿ ಒಂದು ಕೆಜಿಗೂ ಕಮ್ಮಿ ಇದ್ದ ಮಗುವಿನ ರಕ್ತಕ್ಕೆ ಪ್ರೊಬಯಾಟಿಕ್ ಬ್ಯಾಕ್ಟೀರಿಯಾವೇ ಸೇರಿ ಮಗು ಉಳಿಯಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು. ಇತ್ತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕಿಂತ ಮುಂಚೆ ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಕೊಡುವುದನ್ನು ಯೋಚಿಸಬಹುದು ಅಂದಿದೆ. ಹಾಗಾಗಿ ಡಾಕ್ಟರು ಅಳೆದು ತೂಗಿ ಕೊಟ್ಟಿದ್ದಾರೆ. ಗರ್ಭದ ಲೆಕ್ಕದಲ್ಲಿ ಪುಟ್ಟಿ ಈಗ 37 ವಾರದ ಹತ್ತಿರ ಬಂದಿದ್ದಾಳೆ ಅಲ್ವಾ? ಎನ್‌ಇಸಿಯ ದೊಡ್ಡ ಗಂಡ ದಾಟಿತು. ಅದಕ್ಕೇ ಚೀಟಿಯಲ್ಲಿ ಬರೆದಿಲ್ಲ.

ನಿಮ್ಮ ಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆ ಇದೆ. ಮತ್ತೆ ಯಾಕಿದೆ? ಕರುಳಿನ ಬಿಫಿಡೋಬ್ಯಾಕ್ಟೀರಿಯಾಗೆ ಊಟ ಅದು. ಬೇರೆ ತಾಯಂದಿರ ಹಾಲನ್ನು ಮಿಲ್ಕ್ ಬ್ಯಾಂಕಿನಲ್ಲಿ 62.5 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೂ ಆ ಸಕ್ಕರೆ ಉಳಿಯುತ್ತದೆ, ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ನಿಮ್ಮದರಲ್ಲಿ ಎರಡೂ ಇದೆ.

ಜೇನು ಒಂದು ವರ್ಷದ ತನಕ ಬೇಡವೇ ಬೇಡ. ಅದರಲ್ಲಿ ಬೊಟುಲಿಸಂ ಬೀಜಾಣು ಇರಬಹುದು. ದೊಡ್ಡವರ ಕರುಳಿನ ಬ್ಯಾಕ್ಟೀರಿಯಾ ಅದನ್ನು ಬೆಳೆಯಲು ಬಿಡುವುದಿಲ್ಲ, ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಇಲ್ಲ. ಬಜೆಯಿಂದ ವಾಂತಿಯಾಗಿ ಬಂದ ಮಕ್ಕಳನ್ನು ನೋಡಿದ್ದೇನೆ. ಆದರೆ ಅತ್ತೆಯವರಿಗೆ ಸುಮ್ನೆ ಬೇಡ ಅಂದರೆ ಬೇಜಾರಾಗುತ್ತದೆ. ಕಾಂಗರೂ ಕೆಲಸ ಕೊಡಿ. ಸ್ನಾನ ಮಾಡಿ, ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಕೂರಲಿ. ಭಾರತವೂ ಸೇರಿ ಐದು ದೇಶಗಳಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದ್ದರಿಂದ ಕಮ್ಮಿ ತೂಕದ ಮಕ್ಕಳ ಸಾವು ಕಾಲು ಭಾಗ ತಗ್ಗಿತು. ಅಲ್ಲೂ ತಾಯಿಗೆ ಆಗದಿದ್ದಾಗ ಮನೆಯ ಇನ್ನೊಬ್ಬ ಹೆಂಗಸು ಮಾಡುತ್ತಿದ್ದರು.

ದಿನ ಬಿಟ್ಟು ದಿನ ಕಕ್ಕ ಪರವಾಗಿಲ್ಲ, ತೂಕ ಏರುತ್ತಿರಬೇಕು, ಹೊಟ್ಟೆ ಮೆತ್ತಗಿರಬೇಕು. ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಹೊಟ್ಟೆ ಬಿಗಿದು ಹಾಲು ಕುಡಿಯದಿರುವುದು ಕಂಡರೆ ಇಲ್ಲಿ ಪೋಸ್ಟ್ ಹಾಕುತ್ತಾ ಕೂರಬೇಡಿ, ಹೊರಡಿ.

ಅಪ್ಪ, ದಾವಣಗೆರೆ:
ಸಿಸ್ಟರ್ ಹೇಳಿದ್ದು ಸರಿ, ಆದರೆ ಒಂದು ಮಾತು. ನಮ್ಮ ಮಗ 28 ವಾರದವನು. ಬರೀ ತಾಯಿ ಹಾಲೇ. ಆದರೂ ಎನ್‌ಇಸಿ ಆಗಿ ಒಂದಿಷ್ಟು ಕರುಳು ಕತ್ತರಿಸಿ ತೆಗೆದರು. ಈಗ ಅಂಗನವಾಡಿಗೆ ಓಡುತ್ತಾನೆ, ಅದು ಬೇರೆ. ಆಗ ಬಂದವರೆಲ್ಲ ನನ್ನ ಹೆಂಡತಿಯನ್ನು "ನೀನೇನು ತಿಂದೆ" ಅಂತಲೇ ಕೇಳಿದರು. ಎದೆಹಾಲಿನ ಗುಣಗಾನ ಜಾಸ್ತಿ ಆದಾಗ ಇದೂ ಬರುತ್ತದೆ.

ಸಿಸ್ಟರ್, ಮೈಸೂರು:
ನಿಜ ಅಣ್ಣ. ಎದೆಹಾಲು ಅಪಾಯ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ತಾಯಿ ತಿಂದ ಬದನೆಕಾಯಿಗೂ ಇದಕ್ಕೂ ಸಂಬಂಧ ಇಲ್ಲ. ಪುಟ್ಟಿಯಮ್ಮ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಮಾಡುವ ಕಣ್ಣಿನ ಪರೀಕ್ಷೆ ಮಾಡಿಸಿದಿರಾ?

ಪುಟ್ಟಿಯಮ್ಮ, ಹಾಸನ:
ಒಂದು ಸಲ ಆಗಿದೆ ಸಿಸ್ಟರ್, ಗುರುವಾರ ಮತ್ತೆ ಕರೆದಿದ್ದಾರೆ. ಯಾವ ಪ್ರೊಬಯಾಟಿಕ್ ಕೊಟ್ಟಿದ್ದರು, ಎಷ್ಟನೇ ವಾರಕ್ಕೆ ನಿಲ್ಲಿಸಿದರು ಅಂತ ಅವತ್ತೇ ಕೇಸ್ ಶೀಟ್ ನೋಡಿಸಿ ಬರೆಸಿಕೊಂಡು ಬರುತ್ತೇನೆ. ಅತ್ತೆ ಕಾಂಗರೂಗೆ ಒಪ್ಪಿದ್ದಾರೆ, ಸೀರಿಯಲ್ ಹೊತ್ತಿಗೆ ಮಾತ್ರ ಆಗಲ್ವಂತೆ.