ಪದಚರ್ಚೆ: ‘ಆರ್ಥಿಕ ಸಲಹೆಗಾರ’ ಅಂದರೆ ದುಡ್ಡು ಕೊಡುವವರಾ?

ಗೆಳೆಯರೇ, ನಮಸ್ಕಾರ.

ಮಂಡ್ಯದಲ್ಲಿ ಪದವಿ ಓದುವ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಬೇರೆ ಬೇರೆ ದೇಶದ ಸರ್ಕಾರಗಳಲ್ಲಿ ಅರ್ಥಶಾಸ್ತ್ರ ಬಲ್ಲವರಿಗೆ ಏನು ಕೆಲಸ ಅನ್ನುವುದು ವಿಷಯ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಕರಡನ್ನು ನಮ್ಮ ಮಾವನಿಗೆ ತೋರಿಸಿದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ‘ಮುಖ್ಯ ಆರ್ಥಿಕ ಸಲಹೆಗಾರ’ ಅನ್ನುವ ಕಡೆ ಬೆರಳಿಟ್ಟು, “ಇವರು ಸಹಮತಿ ಕೊಡದೆ ದುಡ್ಡು ಬಿಡುಗಡೆ ಆಗಲ್ಲ, ಅಲ್ವೇನಪ್ಪಾ?” ಅಂದರು. ಅವರು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನಮ್ಮ ರಾಜ್ಯದಲ್ಲಿ ದುಡ್ಡಿನ ಕಡತ ಹೋಗುವುದು ‘ಆರ್ಥಿಕ ಇಲಾಖೆ’ಗೆ. ದೆಹಲಿಯದಾದರೆ ‘ಹಣಕಾಸು ಸಚಿವಾಲಯ’ ಅನ್ನುತ್ತೇವೆ. ಆದರೆ ‘ಆರ್ಥಿಕ ಸಮೀಕ್ಷೆ’ ಅಂದ ಕೂಡಲೇ ಅದೇ ಪದಕ್ಕೆ ಬೆಳೆ, ಬೆಲೆ, ಕೂಲಿ, ವ್ಯಾಪಾರ ಎಲ್ಲ ಬಂದು ಸೇರುತ್ತದೆ. ಬೊಕ್ಕಸ ಕಾಯುವವರಿಗೂ ಊರಿನ ಬದುಕು ಅಳೆಯುವವರಿಗೂ ಒಂದೇ ಪದ ಆಗಿಹೋಗಿದೆ.

ದೆಹಲಿಯ ಮುಖ್ಯ ಆರ್ಥಿಕ ಸಲಹೆಗಾರರು ಇರುವುದೂ ಹಣಕಾಸು ಸಚಿವಾಲಯದಲ್ಲೇ. ಹಾಗಾಗಿ ಗೊಂದಲ ಇನ್ನೂ ಜಾಸ್ತಿ. ಅವರು ಬಜೆಟ್‌ಗೆ ಮುಂಚೆ ಬರುವ ಸಮೀಕ್ಷೆ ಸಿದ್ಧಪಡಿಸುತ್ತಾರೆ, ಸಲಹೆ ಹೇಳುತ್ತಾರೆ. ತೀರ್ಮಾನ ಮಂತ್ರಿಯದು. ಮನಮೋಹನ್ ಸಿಂಗ್ 1972ರಲ್ಲಿ ಈ ಸಲಹೆಗಾರರ ಕುರ್ಚಿಯಲ್ಲಿ ಕೂತರು, 1991ರಲ್ಲಿ ಹಣಕಾಸು ಮಂತ್ರಿಯಾದರು. ಎರಡೂ ಬೇರೆ ಕೆಲಸ ಅಂತ ಮಕ್ಕಳಿಗೆ ತಿಳಿಯಬೇಕಲ್ಲ. ಅಮೆರಿಕದಲ್ಲಿ ಇಷ್ಟು ತೊಡಕಿಲ್ಲ. 1946ರ ಕಾನೂನಿನಂತೆ ಅಧ್ಯಕ್ಷರಿಗೆ ಸಲಹೆ ಹೇಳಲು ಮೂವರ ಮಂಡಳಿ ಇದೆ, ಖಜಾನೆ ಇಲಾಖೆ ಬೇರೆ.

ಜರ್ಮನಿಗೆ ಬಂದಾಗ ‘ಸಲಹೆಗಾರ’ವೂ ಕೈಕೊಟ್ಟಿತು. ಅಲ್ಲಿ ದೇಶದ ಅರ್ಥವ್ಯವಸ್ಥೆ ಪರಿಶೀಲಿಸಲು 1963ರಿಂದ ಐವರ ಮಂಡಳಿ ಇದೆ. ಇರುವ ದಾರಿಗಳನ್ನು ಅವರು ತೋರಿಸಬಹುದು, ‘ಇಂಥದ್ದನ್ನೇ ಮಾಡಿ’ ಅಂತ ಹೇಳುವಂತಿಲ್ಲ ಅನ್ನುತ್ತದೆ ಕಾನೂನು. ಜನ ಅವರನ್ನು ಕರೆಯುವುದು ‘ಐವರು ಬಲ್ಲವರು’ ಅನ್ನುವ ಅರ್ಥದ ಮಾತಿನಿಂದ. ನನಗೆ ಇದು ತುಂಬಾ ಹಿಡಿಸಿತು.

ನಮ್ಮಲ್ಲೂ ಹಿಂದೆ ಚೆಂದದ ಪದ ಇತ್ತು. ಮೈಸೂರು ಸಂಸ್ಥಾನದಲ್ಲಿ ಬೇಸಾಯ, ಉದ್ಯಮ, ವಿದ್ಯೆ ಬೆಳೆಸಲು 1911ರಲ್ಲಿ ಶುರುವಾದ ಮೈಸೂರು ಎಕನಾಮಿಕ್ ಕಾನ್ಫರೆನ್ಸ್‌ಗೆ ಕನ್ನಡದಲ್ಲಿ ‘ಸಂಪದಭ್ಯುದಯ ಸಮಾಜ’ ಅಂದಿದ್ದರು. ಹೇಳಲು ಉದ್ದ, ಆದರೆ ಲೆಕ್ಕ ತಪಾಸಣೆ ಅಂತ ಯಾರೂ ತಿಳಿಯುವುದಿಲ್ಲ.

ಸದ್ಯಕ್ಕೆ ಬೊಕ್ಕಸದ ಕೆಲಸಕ್ಕೆ ‘ಹಣಕಾಸು’, ಸರ್ಕಾರಕ್ಕೆ ಸಲಹೆ ಹೇಳುವವರಿಗೆ ‘ಅರ್ಥತಜ್ಞ’ ಅಂತ ಬರೆದಿದ್ದೇನೆ. ಮಾವ ಇದನ್ನು ಒಪ್ಪಿದರು. ಆದರೆ ‘ಆರ್ಥಿಕ ಇಲಾಖೆ’ ಬೋರ್ಡಿನ ಹೆಸರು, ಅದನ್ನು ಬದಲಿಸುವಂತಿಲ್ಲ. ಪಾಠದಲ್ಲಿ ಅದು ಬಂದಾಗ ಹೇಗೆ ಬಿಡಿಸಿ ಬರೆಯಲಿ? ಮೈಸೂರಿನ ಹಳೆಯ ಸರ್ಕಾರಿ ಕಾಗದ ನೋಡಿದವರಿದ್ದರೆ, ಹಣಕಾಸಿಗೆ ಆಗ ಬೇರೆ ಪದ ಇತ್ತಾ ತಿಳಿಸಿ.